ಜೋಕು ಹಳೇದು ಮಾಡುವವರು ಯಾರು?

ಸಂಪಾದಕರಿಗೆ ನಮಸ್ಕಾರ,

ಕಳೆದ ವಾರ ನಿಮ್ಮ ಪತ್ರಿಕೆಯ ಓದುಗರ ಪತ್ರಗಳಲ್ಲಿ ಒಬ್ಬರು ತಮ್ಮೂರ ಜಾತ್ರೆಯ ಹಾಸ್ಯ ಸಂಜೆ ಬಗ್ಗೆ ಬರೆದಿದ್ದರು. ಯೂಟ್ಯೂಬಿನಲ್ಲಿ ಆಗಲೇ ನೋಡಿದ್ದ ಜೋಕುಗಳನ್ನೇ ವೇದಿಕೆಯಲ್ಲೂ ಹೇಳಿದರಂತೆ. ಒಂದು ಗಂಟೆ ಮಾತಾಡಿದ್ದಕ್ಕೆ 10 ಸಾವಿರ ಕೊಟ್ಟರಂತೆ. ಊರವರ ಚಂದಾ ದುಡ್ಡು ದಂಡವಾಯಿತು ಅನ್ನುವುದು ಅವರ ಸಿಟ್ಟು. ಅವರು ಕೇಳಿದ್ದು ಯಾರ ಹಾಸ್ಯವನ್ನೋ, ಹೆಸರು ಬರೆದಿಲ್ಲ. ನಾನಲ್ಲ ಅಂದುಕೊಂಡಿದ್ದೇನೆ. ನಾನೇ ಇದ್ದರೂ ಆಶ್ಚರ್ಯವಿಲ್ಲ. ನನ್ನದೂ ಅದೇ ಕಸುಬು, ಅದೇ ರೇಟು, ಅದೇ ಯೂಟ್ಯೂಬು.

ಪತ್ರ ಬರೆದವರ ಮೇಲೆ ನನಗೆ ಬೇಸರವಿಲ್ಲ. ನಗಲಿಕ್ಕೆ ಬಂದು ನಗದೆ ಎದ್ದುಹೋದವರಿಗೆ ಬೈಯುವ ಹಕ್ಕಿದೆ. ಆದರೆ ಆ ಜೋಕು ವೇದಿಕೆಗೆ ಬರುವ ಮೊದಲೇ ಹೇಗೆ ಹಳೇದಾಯಿತು ಅನ್ನುವುದನ್ನು ಅವರಿಗೆ ಯಾರೂ ಹೇಳಿರಲಿಕ್ಕಿಲ್ಲ. ಅದನ್ನು ಹೇಳುವುದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗಬಹುದು. ಮೈಕು ಸಿಕ್ಕರೆ ಬೇಗ ಬಿಡುವ ಅಭ್ಯಾಸ ನಮ್ಮವರಿಗಿಲ್ಲ.

ನಾನು ದಾವಣಗೆರೆಯವಳು. ಮೊದಲು ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ ಕನ್ನಡ ಪಾಠ ಮಾಡುತ್ತಿದ್ದೆ. ಈಗ ಊರೂರು ತಿರುಗಿ ಹಾಸ್ಯ ಭಾಷಣ ಮಾಡುವುದೇ ಜೀವನ. ಮನೆಯವರದು ಒಂದು ಜೆರಾಕ್ಸ್ ಅಂಗಡಿ, ಮಗಳು ಪಿಯುಸಿ. ಹಾಸ್ಯ ಅಂದ ಕೂಡಲೇ ಜನರ ಬಾಯಿಗೆ ಬರುವ ಹೆಸರುಗಳು ಗಂಗಾವತಿ ಪ್ರಾಣೇಶ್, ಪ್ರೊ. ಕೃಷ್ಣೇಗೌಡ, ರಿಚರ್ಡ್ ಲೂಯಿಸ್, ಸುಧಾ ಬರಗೂರು. ದೊಡ್ಡವರು. ಅವರಂಥವರನ್ನು ಹೊರದೇಶದ ಕನ್ನಡ ಸಂಘಗಳೂ ಕರೆಸಿಕೊಳ್ಳುತ್ತವೆ. ಅವರ ಕೆಳಗೆ ಜಿಲ್ಲೆಗೆ ಒಂದಷ್ಟು ಜನ ನನ್ನಂಥವರು ಇದ್ದೇವೆ. ಪೋಸ್ಟರಿನಲ್ಲಿ ಜಾಗ ಇದ್ದರೆ ನಮ್ಮ ಹೆಸರು ಇರುತ್ತದೆ. ಜಾಗ ಇಲ್ಲದಿದ್ದರೆ 'ಮತ್ತು ಸಂಗಡಿಗರು' ಅಂತ ಹಾಕಿರುತ್ತಾರೆ ನೋಡಿ, ಅದು ನಾವೇ.

ಈಗ ಹಳೇ ಜೋಕಿನ ವಿಷಯಕ್ಕೆ ಬರುತ್ತೇನೆ. ಹೌದು, ಹೇಳಿದ್ದನ್ನೇ ಹೇಳುತ್ತೇವೆ. ಇದರಲ್ಲಿ ಮುಚ್ಚಿಡುವುದು ಏನೂ ಇಲ್ಲ. ಯಕ್ಷಗಾನದಲ್ಲಿ ಕೊನೆಗೆ ಕೀಚಕ ಸಾಯುತ್ತಾನೆ ಅಂತ ಗೊತ್ತಿದ್ದೂ ಜನ ಬೆಳಗಿನ ತನಕ ಕೂರುತ್ತಾರೆ. ದಾಸರ ಪದ ಎಷ್ಟೋ ಸಲ ಕೇಳಿದವರು ಮತ್ತೆ ಅದನ್ನೇ ಹಾಡಿ ಅಂತ ಗಾಯಕರಿಗೆ ಚೀಟಿ ಕಳಿಸುತ್ತಾರೆ. ಮಾಸ್ಟರ್ ಹಿರಣ್ಣಯ್ಯನವರು 'ಲಂಚಾವತಾರ' ನಾಟಕ ಆಡಿದ್ದು ಒಂದೆರಡು ವರ್ಷವಲ್ಲ, ದಶಕಗಟ್ಟಲೆ. ಕತೆ ಜನರಿಗೆ ಬಾಯಿಪಾಠವಾಗಿತ್ತು. ಅವತ್ತಿನ ಪೇಪರಿನ ಸುದ್ದಿ ಅವತ್ತೇ ರಾತ್ರಿ ಅವರ ಬಾಯಲ್ಲಿ ಏನಾಗಿ ಬರುತ್ತದೆ ಅಂತ ನೋಡಲಿಕ್ಕೆ ಟಿಕೆಟ್ ತಗೊಳ್ಳುತ್ತಿದ್ದರು. ಹಾಗಂತ ನಾನು ಆ ಸಾಲಿಗೆ ಸೇರಿದವಳು ಅನ್ನುತ್ತಿಲ್ಲ. ನಮ್ಮ ಕಷ್ಟ ಬೇರೆ. ಹಾಡಿನ ಕೊನೆ ಮೊದಲೇ ಗೊತ್ತಿದ್ದರೆ ಏನೂ ನಷ್ಟವಿಲ್ಲ. ಜೋಕಿನ ಕೊನೆ ಗೊತ್ತಿದ್ದರೆ ಆಮೇಲೆ ಉಳಿಯುವುದು ಬರೀ ಸಮಾಚಾರ.

ಹಾಗಾದರೆ ದಿನಕ್ಕೊಂದು ಹೊಸದು ಹೇಳಿ ಅಂತೀರಿ ಅಲ್ವಾ? ಒಂದು ಜೋಕು ಹೇಗೆ ತಯಾರಾಗುತ್ತದೆ ಅಂತ ಹೇಳುತ್ತೇನೆ, ಕೇಳಿ.

2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಯಿತು. ಸರಕಾರಿ ಸಾದಾ ಬಸ್ಸು, ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ನಾವು ಹೆಂಗಸರು ಟಿಕೆಟ್ಟಿಗೆ ದುಡ್ಡು ಕೊಡಬೇಕಿಲ್ಲ. ನಮ್ಮ ಅತ್ತೆಯವರು ಅಲ್ಲಿಯವರೆಗೆ ಹರಿಹರ ದಾಟಿ ಹೋದದ್ದೇ ಅಪರೂಪ. ಆಮೇಲೆ ನೋಡಿ, ಧರ್ಮಸ್ಥಳ, ಕೂಡಲಸಂಗಮ, ಸವದತ್ತಿ ಎಲ್ಲಮ್ಮನ ಗುಡ್ಡ. ಅವರಿಗೆ ಮಂಡಿ ನೋವು ಬೇರೆ. ಇದರಲ್ಲಿ ಏನೋ ಇದೆ ಅಂತ ಅನ್ನಿಸಿತು. ಒಂದು ಬಡಾವಣೆಯ ಅಕ್ಕನ ಬಳಗದಲ್ಲಿ ಮೊದಲ ಸಲ ಹೇಳಿದೆ. 'ಡಾಕ್ಟರು ಮೆಟ್ಟಿಲು ಹತ್ತಬೇಡಿ ಅಂದಿದ್ದರೂ ನಮ್ಮತ್ತೆ ಬಸ್ಸಿಗೆ ಮೂರೇ ಮೆಟ್ಟಿಲು ಅಂತ ಹತ್ತಿಬಿಡ್ತಾರೆ, ಯಾಕಂದ್ರೆ ಈಗ ಫ್ರೀ ಅಲ್ವಾ' ಅಂದೆ. ಒಬ್ಬರೂ ನಗಲಿಲ್ಲ. ಮುಂದಿನ ಸಾಲಿನಲ್ಲಿದ್ದ ಒಬ್ಬರು ಅಯ್ಯೋ ಪಾಪ ಅಂತ ಮುಖ ಮಾಡಿ, 'ಯಾವ ಡಾಕ್ಟರಿಗೆ ತೋರಿಸ್ತಿದ್ದೀರಮ್ಮ?' ಅಂತ ವಿಚಾರಿಸಿದರು.

ವಿಷಯ ಸರಿ ಇತ್ತು, ಜೋಡಣೆ ಸರಿ ಇರಲಿಲ್ಲ. ಡಾಕ್ಟರನ್ನು ಬೇರೆ ಮಾಡಿ ಮೊದಲೇ ಕೂರಿಸಬೇಕಿತ್ತು. ಜನ ಅವರನ್ನು ಮರೆಯಲಿಕ್ಕೆ ಸ್ವಲ್ಪ ಸಮಯ ಕೊಡಬೇಕಿತ್ತು. ನಿವೃತ್ತ ನೌಕರರ ಸಂಘದಲ್ಲಿ, ಒಂದು ಹೈಸ್ಕೂಲಿನ ವಾರ್ಷಿಕೋತ್ಸವದಲ್ಲಿ, ನೆಂಟರ ಮನೆಯ ಸೀಮಂತದಲ್ಲಿ, ಹೀಗೆ ಸಿಕ್ಕ ಸಿಕ್ಕಲ್ಲಿ ತಿರುಗಿಸಿ ಮುರುಗಿಸಿ ಹೇಳಿದೆ. ಕೊನೆಗೆ ನಿಂತ ರೂಪ ಹೀಗೆ. 'ಅತ್ತೆ, ಮಳೆ ಬರೋ ಹಾಗಿದೆ, ಮಹಡಿ ಮೇಲಿನ ಬಟ್ಟೆ ತರ್ತೀರಾ ಅಂದರೆ, ಡಾಕ್ಟರು ಮೆಟ್ಟಿಲು ಹತ್ತಬೇಡಿ ಅಂದಿದಾರಮ್ಮ ಅಂತಾರೆ. ಆಯ್ತು ಬಿಡಿ. ಅತ್ತೆ, ಕರೆಂಟ್ ಬಿಲ್ ಕಟ್ಟೋ ಆಫೀಸು ಮೊದಲನೇ ಮಹಡೀಲಿದೆ ಅಂದರೆ, ಡಾಕ್ಟರು ಬೇಡ ಅಂದಿದಾರಮ್ಮ. ಅದೂ ಆಯ್ತು. ಧರ್ಮಸ್ಥಳದ ಬಸ್ಸು ಬಂತು.' ಇಲ್ಲಿ ನಾನು ಮಾತು ನಿಲ್ಲಿಸುತ್ತೇನೆ. ಎಡಗೈಯಲ್ಲಿ ಸೀರೆ ನೆರಿಗೆ ಒಂದು ಗೇಣು ಎತ್ತಿ ಹಿಡಿಯುತ್ತೇನೆ, ಬಲಗೈಯಲ್ಲಿ ಬಸ್ಸಿನ ಕಂಬಿ. ಸಭೆಯ ಕಡೆ ಒಂದು ಸಲ ತಿರುಗಿ ನೋಡಿ ಅತ್ತೆಯ ಧ್ವನಿಯಲ್ಲಿ, 'ಮೂರೇ ಮೆಟ್ಟಿಲು!' ಇಷ್ಟೇ. ವಿವರಣೆ ಇಲ್ಲ, ಫ್ರೀ ಅನ್ನುವ ಮಾತೇ ಇಲ್ಲ. ಜನರಿಗೆ ಗೊತ್ತಿರುವುದನ್ನು ನಾವು ಹೇಳಿದರೆ ನಗು ಸತ್ತಿತು.

ಅದರ ಹಿಂದೆಯೇ ಇನ್ನೊಂದು ಬರುತ್ತದೆ. 'ಈಗ ನಮ್ಮ ಮನೇಲಿ ಅತ್ತೆ ಸೊಸೆ ಜಗಳ ಇಲ್ಲ. ಜಗಳ ಆಡೋಕೆ ಇಬ್ಬರೂ ಒಂದೇ ಊರಲ್ಲಿ ಇರಬೇಕಲ್ಲ!' ಇದು ಬರೆದದ್ದಲ್ಲ. ಚನ್ನಗಿರಿ ಕಡೆ ಒಂದು ಊರಲ್ಲಿ ನಗು ಮುಗಿಯುವಷ್ಟರಲ್ಲಿ ತಾನಾಗಿ ಬಾಯಿಗೆ ಬಂತು. ಹೀಗೆ ಒಂದಕ್ಕೊಂದು ಕೂಡುತ್ತಾ ಐದಾರು ನಿಮಿಷದ ಐಟಂ ಆಯಿತು. ಅದಕ್ಕೆ ಹತ್ತಿರ ಹತ್ತಿರ ಒಂದು ವರ್ಷ ಹಿಡಿಯಿತು. ಊರು ಬದಲಾದರೆ ದೇವರೂ ಬದಲಾಗಬೇಕು. ಗದಗ, ಬೆಳಗಾವಿ ಕಡೆ ಎಲ್ಲಮ್ಮನ ಗುಡ್ಡದ ಬಸ್ಸು. ಚಾಮರಾಜನಗರದ ಕಡೆ ಮಲೆ ಮಹದೇಶ್ವರ ಬೆಟ್ಟದ ಬಸ್ಸು. ಉಡುಪಿ, ಮಂಗಳೂರಿನಲ್ಲಿ ಖಾಸಗಿ ಬಸ್ಸುಗಳೇ ಜಾಸ್ತಿ, ಅವುಗಳಲ್ಲಿ ಶಕ್ತಿ ನಡೆಯುವುದಿಲ್ಲ. ಅಲ್ಲಿ ಈ ಐಟಮನ್ನು ಚೀಲದಿಂದ ಹೊರಗೇ ತೆಗೆಯುವುದಿಲ್ಲ. ಅಂದ ಹಾಗೆ ಅತ್ತೆಯವರು ಒಂದು ಸಲ ಬಂದು ಪೂರ್ತಿ ಕೇಳಿದರು. 'ಮೈಲಾರಕ್ಕೂ ಹೋಗಿದ್ದೆನಲ್ಲ, ಅದನ್ನ ಯಾಕೆ ಬಿಟ್ಟೆ?' ಅಂದರು, ಅಷ್ಟೇ. ಗಂಡಸರು ಹೆಂಡತಿ ಜೋಕು ಹೇಳಿಯೇ ಮನೆ ಕಟ್ಟಿಸಿದ್ದಾರೆ. ನಾನು ಗಂಡನ ಜೋಕು ಒಂದು ಹೇಳಿದರೆ ಸಂಘಟಕರು ನಮ್ಮನೆಯವರಿಗೆ ಫೋನು ಮಾಡಿ 'ನಿಮಗೆ ಬೇಜಾರಿಲ್ವಾ ಸಾರ್?' ಅಂತ ಕೇಳುತ್ತಾರೆ. ಅದು ಇನ್ನೊಂದು ಪತ್ರದ ವಿಷಯ, ಬಿಡಿ.

ಈ 'ಮೂರೇ ಮೆಟ್ಟಿಲು' ಆಮೇಲೆ ಏನಾಯಿತು ಅನ್ನುವುದನ್ನೂ ಕೇಳಿ.

ಒಂದು ಜಾತ್ರೆಯ ಕಾರ್ಯಕ್ರಮ. ವೇದಿಕೆಯ ಮುಂದೆ ನಡುಮಧ್ಯ ಒಂದು ಕ್ಯಾಮೆರಾ ನಿಂತಿತ್ತು. ಕಮಿಟಿಯವರು ನೆನಪಿಗೆ ತೆಗೆಸುತ್ತಿದ್ದಾರೆ ಅಂದರು. ಬೆಳಿಗ್ಗೆ ನಾನು ಮನೆ ತಲುಪುವ ಹೊತ್ತಿಗೆ ಪೂರ್ತಿ ಒಂದು ಗಂಟೆಯ ಕಾರ್ಯಕ್ರಮ ಯಾವುದೋ ಲೋಕಲ್ ಚಾನೆಲ್ಲಿನಲ್ಲಿ ಹೊಟ್ಟೆ ಹುಣ್ಣಾಗುವ ಕಾಮಿಡಿ ಅನ್ನುವ ಹೆಸರಿನಲ್ಲಿ ಓಡುತ್ತಿತ್ತು. ನನ್ನ ಹೆಸರು ಎಲ್ಲೂ ಇಲ್ಲ. ಸಾವಿರಗಟ್ಟಲೆ ಜನ ನೋಡಿದರು, ಒಳ್ಳೇ ಮಾತೂ ಬರೆದರು. ಸಂತೋಷ. ಆಮೇಲೆ ಅದನ್ನು ತುಂಡು ತುಂಡು ಮಾಡಿ ರೀಲ್ಸ್ ಬಂದವು. ನನ್ನ ಧ್ವನಿಗೆ ಯಾರ್ಯಾರೋ ಹುಡುಗಿಯರು ಬಾಯಿ ಆಡಿಸಿ ನೆರಿಗೆ ಎತ್ತಿದರು.

ಕೆಲವು ವಾರ ಕಳೆದು ಒಂದು ಡಿಗ್ರಿ ಕಾಲೇಜಿನ ಕಾರ್ಯಕ್ರಮ. ಹಾಲ್ ತುಂಬಾ ಹುಡುಗರು. ಡಾಕ್ಟರು ಬಂದರು, ಬಟ್ಟೆ ಬಂತು, ಕರೆಂಟ್ ಬಿಲ್ ಬಂತು. 'ಧರ್ಮಸ್ಥಳದ ಬಸ್ಸು ಬಂತು' ಅಂದು ನಿಲ್ಲಿಸಿದೆ. ಹಿಂದಿನ ಬೆಂಚಿನಿಂದ ಏಳೆಂಟು ಹುಡುಗರು ಒಟ್ಟಿಗೆ, 'ಮೂರೇ ಮೆಟ್ಟಿಲು!' ಇಡೀ ಹಾಲ್ ಬಿದ್ದು ಬಿದ್ದು ನಕ್ಕಿತು. ನಗು ಅವರ ಲೆಕ್ಕಕ್ಕೆ. ನಾನು ನೆರಿಗೆ ಹಿಡಿದುಕೊಂಡು ನಿಂತಿದ್ದೆ. ಇಳಿದು ಬಂದ ಮೇಲೆ ಉಪನ್ಯಾಸಕರೊಬ್ಬರು ಕಾಫಿ ಕೊಟ್ಟು, 'ಮೇಡಂ, ಮುಂದಿನ ವರ್ಷ ಹೊಸದೇನಾದ್ರೂ ಇಟ್ಕೊಂಡು ಬನ್ನಿ' ಅಂದರು. ಅವರದು ತಪ್ಪು ಮಾತಲ್ಲ. ಒಂದು ವರ್ಷ ತಿದ್ದಿ ತೀಡಿದ ಸರಕು, ಇನ್ನೂ ನಾಲ್ಕು ಜಿಲ್ಲೆ ನೋಡಿರಲಿಲ್ಲ, ಅಷ್ಟರಲ್ಲೇ ಹಳೇದಾಯಿತು. ಅದರ ಮೇಲೆ ನಾನು ದುಡಿದದ್ದು ಎಷ್ಟು ಅಂತ ಲೆಕ್ಕ ಹಾಕಲು ಹೋದರೆ ಬೇಜಾರೇ.

ಲೆಕ್ಕದ ಮಾತು ಬಂತು. ಪತ್ರ ಬರೆದವರಿಗೆ 10 ಸಾವಿರ ಕಣ್ಣಿಗೆ ಕಂಡಿದೆ. ಅದನ್ನೂ ಬಿಡಿಸಿ ಇಡುತ್ತೇನೆ. ತಾಲ್ಲೂಕು ಕೇಂದ್ರದ ಕಾರ್ಯಕ್ರಮಕ್ಕೆ ನನಗೆ 8ರಿಂದ 10 ಸಾವಿರ. ಗಣಪತಿ ಪೆಂಡಾಲಿಗೆ 5. ಬೆಂಗಳೂರಿನ ಅಪಾರ್ಟ್‌ಮೆಂಟಿನವರು ರಾಜ್ಯೋತ್ಸವಕ್ಕೆ ಕರೆದರೆ 15, ಒಳ್ಳೆ ಮನಸ್ಸಿದ್ದರೆ 20. ಆದರೆ ಇದು ತಿಂಗಳು ತಿಂಗಳು ಬರುವುದಲ್ಲ. ನವೆಂಬರಿನಲ್ಲಿ ಎಲ್ಲರಿಗೂ ಕನ್ನಡ ನೆನಪಾಗುತ್ತದೆ, ಒಂದೇ ದಿನಕ್ಕೆ ಮೂರು ಊರಿನವರು ಕೇಳುತ್ತಾರೆ. ಸುಗ್ಗಿ ಮುಗಿದ ಮೇಲೆ ಫೆಬ್ರವರಿಯಿಂದ ಏಪ್ರಿಲ್ ತನಕ ಜಾತ್ರೆ, ಕಾಲೇಜು ಡೇ. ಆಮೇಲೆ ಮಳೆ, ಅದರ ಹಿಂದೆ ಆಷಾಢ. ಜುಲೈ ತಿಂಗಳಲ್ಲಿ ಫೋನು ರಿಂಗಾಯಿತು ಅಂತ ಓಡಿ ಬಂದು ಎತ್ತಿದರೆ ಲೋನ್ ಬೇಕಾ ಮೇಡಂ ಅಂತಾರೆ. ಚುನಾವಣೆ ಬಂದ ವರ್ಷ ನೀತಿ ಸಂಹಿತೆ ಅಂತ ಕಮಿಟಿಗಳು ಹಿಂದೆ ಸರಿಯುತ್ತವೆ. 2023ರಲ್ಲಿ ವಿಧಾನಸಭೆ, 2024ರಲ್ಲಿ ಲೋಕಸಭೆ, ಎರಡೂ ನಮ್ಮ ಸೀಸನ್ನಿನ ತಲೆ ಮೇಲೇ ಬಂದವು. ಕೊರೋನಾದ ಎರಡು ವರ್ಷದ ಮಾತು ಬೇಡ. ಎಲ್ಲ ಕೂಡಿ ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 25 ಸಾವಿರದ ಆಸುಪಾಸು. ಬಾಡಿಗೆ ಕಟ್ಟಿ, ಮಗಳ ಫೀಸು ಕಟ್ಟಿ ಬದುಕಬಹುದು. ಬದುಕಿದ್ದೇವೆ. ಅಳಲಿಕ್ಕೆ ಈ ಲೆಕ್ಕ ಹೇಳುತ್ತಿಲ್ಲ.

ಆ 10 ಸಾವಿರ ಕೈಗೆ ಪೂರ್ತಿ ಬರುವುದೂ ಅಪರೂಪ. ಕವರು ಕೊಡುವಾಗ ಸಂಘಟಕರು ನಮ್ಮ ಎರಡೂ ಕೈ ಹಿಡಿದುಕೊಂಡರೆ ಒಳಗೆ ಕಡಿಮೆ ಇದೆ ಅಂತ ಅರ್ಥ. ಶಾಲು, ಹಾರ, ಹಣ್ಣಿನ ಬುಟ್ಟಿ, ಮೊಮೆಂಟೊ ಜಾಸ್ತಿ ಇದ್ದಷ್ಟೂ ಕವರು ತೆಳ್ಳಗೆ. ನಮ್ಮ ಮನೆಯಲ್ಲಿ ಶಾಲುಗಳು ಒಂದು ಬೀರು ತುಂಬಾ ಇವೆ. ದಾವಣಗೆರೆಯ ಬಿಸಿಲಿಗೆ ಶಾಲು!

ಶಕ್ತಿ ಯೋಜನೆ ಬಂದ ಮೇಲೆ ಇನ್ನೊಂದು ಶುರುವಾಗಿದೆ. ಮೊದಲು ಸಂಭಾವನೆ ಬೇರೆ, ಹೋಗಿ ಬರುವ ಖರ್ಚು ಬೇರೆ ಕೊಡುತ್ತಿದ್ದರು. ಈಗ, 'ಮೇಡಂ, ನಿಮಗೆ ಹೇಗೂ ಬಸ್ ಫ್ರೀ ಅಲ್ವಾ?' ಹೌದಪ್ಪ, ಹೋಗುವಾಗ ಫ್ರೀ. ಆಧಾರ್ ತೋರಿಸಿ ಸೊನ್ನೆ ರೂಪಾಯಿ ಟಿಕೆಟ್ ತಗೊಂಡು ಹಾಯಾಗಿ ಬರುತ್ತೇನೆ. ಕಾರ್ಯಕ್ರಮ ಮುಗಿಯುವುದು ರಾತ್ರಿ ಹನ್ನೊಂದೂವರೆಗೆ. ಆ ಹೊತ್ತಿಗೆ ಹಳ್ಳಿ ರೂಟಿನ ಬಸ್ಸು ಡಿಪೋದಲ್ಲಿ ಮಲಗಿರುತ್ತದೆ. ಹೈವೇಗೆ ಬಂದು ಕೈ ಅಡ್ಡ ಹಾಕಿದರೆ ಒಬ್ಬಳೇ ಹೆಂಗಸು ಅಂತ ನಿಲ್ಲಿಸುವವರೂ ಇದ್ದಾರೆ, ಅದೇ ಕಾರಣಕ್ಕೆ ನಿಲ್ಲಿಸದೆ ಹೋಗುವವರೂ ಇದ್ದಾರೆ. ಹಾಗಾಗಿ ಬಾಡಿಗೆ ಕಾರು. ಕಿಲೋಮೀಟರಿಗೆ 13 ರೂಪಾಯಿ, ಹೋಗುವುದು ಬರುವುದು ಎರಡೂ ಸೇರಿಸಿ. ಅಲ್ಲಿಗೆ 8 ಸಾವಿರದ ಕಾರ್ಯಕ್ರಮ 5 ಸಾವಿರಕ್ಕೆ ಬಂತು. ಇನ್ನು ಸೀರೆ. ವಿಡಿಯೋ ಎಲ್ಲ ಕಡೆ ಇರುವುದರಿಂದ ಅದೇ ಜೋಕು ಅನ್ನುವ ಕಾಮೆಂಟಿನ ಕೆಳಗೆ ಅದೇ ಸೀರೆ ಅಂತಲೂ ಬರುತ್ತದೆ. ನನ್ನ ಗಂಡು ಸಹೋದ್ಯೋಗಿಗಳು ಒಂದೇ ಜುಬ್ಬಾದಲ್ಲಿ ಹತ್ತು ವರ್ಷ ನಡೆಸಿದ್ದಾರೆ, ಯಾರೂ ಕೇಳಿಲ್ಲ.

ಹಳೇ ಜೋಕಿಗೆ ಇನ್ನೊಂದು ಕಾರಣ ವೇದಿಕೆಯ ಮೇಲೇ ಕೂತಿರುತ್ತದೆ. ಪತ್ರಿಕೆಯಲ್ಲಿ ಸಂಜೆ 7ಕ್ಕೆ ಹಾಸ್ಯ ಸಂಜೆ ಅಂತ ಹಾಕಿರುತ್ತಾರೆ. 7ಕ್ಕೆ ಸೌಂಡಿನವನು ಹಲೋ ಹಲೋ ಚೆಕ್ ಅನ್ನುತ್ತಿರುತ್ತಾನೆ. 8ಕ್ಕೆ ಸಭಾ ಕಾರ್ಯಕ್ರಮ. ಸ್ವಾಗತ, ಪ್ರಾಸ್ತಾವಿಕ, ದೀಪ, ಸನ್ಮಾನ, ಆಮೇಲೆ ಶಾಸಕರಿಗಾಗಿ ಕಾಯುವುದು. ಅವರು ಬಂದ ಮೇಲೆ ಮತ್ತೆ ಸ್ವಾಗತ. ನನ್ನ ಕೈಗೆ ಮೈಕು ಬರುವಾಗ ಹತ್ತೂವರೆ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದ ಪ್ರಕಾರ, ವಿಶೇಷ ಅನುಮತಿ ಇಲ್ಲದಿದ್ದರೆ, ರಾತ್ರಿ 10ರ ಮೇಲೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಪಕ್ಕದಲ್ಲಿ ಪೊಲೀಸರು ಗಡಿಯಾರ ನೋಡುತ್ತಿರುತ್ತಾರೆ. ಮಕ್ಕಳು ಅಮ್ಮನ ತೊಡೆ ಮೇಲೆ ನಿದ್ದೆ. ಕಾರ್ಯದರ್ಶಿ ಬಂದು ಕಿವಿಯಲ್ಲಿ, 'ಮೇಡಂ, ಇಪ್ಪತ್ತೇ ನಿಮಿಷ, ಆರ್ಕೆಸ್ಟ್ರಾದವರು ಕಾಯ್ತಿದ್ದಾರೆ' ಅನ್ನುತ್ತಾರೆ. ಅಂಥ ಹೊತ್ತಿನಲ್ಲಿ ಹೊಸ ಜೋಕು ಪರೀಕ್ಷೆ ಮಾಡುವ ಧೈರ್ಯ ಯಾರಿಗಿದೆ? ಖಂಡಿತ ನಗು ಬರುವುದನ್ನೇ ಹೇಳಿ ಇಳಿಯುತ್ತೇವೆ. ಬೆಂಗಳೂರಿನ ಸ್ಟ್ಯಾಂಡ್‌ಅಪ್ ಹುಡುಗ ಹುಡುಗಿಯರಿಗೆ ಓಪನ್ ಮೈಕ್ ಅಂತ ಒಂದು ಅನುಕೂಲ ಇದೆ. ಒಬ್ಬೊಬ್ಬರಿಗೆ ನಾಲ್ಕೈದು ನಿಮಿಷ, ಬರೀ ಹೊಸದನ್ನು ಪರೀಕ್ಷೆ ಮಾಡಲಿಕ್ಕೆ. ಮಗಳ ಜೊತೆ ಹೋಗಿ ನೋಡಿದ್ದೇನೆ. ಶುರುವಾಗುವ ಮೊದಲೇ ಒಬ್ಬರು ಬಂದು ಫೋನು ಒಳಗಿಡಿ, ರೆಕಾರ್ಡ್ ಮಾಡಬೇಡಿ ಅಂದರು. ಎಲ್ಲರೂ ಇಟ್ಟರು. ಯಾರೂ ಅದನ್ನು ಅವಮಾನ ಅಂದುಕೊಳ್ಳಲಿಲ್ಲ. ನನಗೆ ಹೊಟ್ಟೆಕಿಚ್ಚಾಯಿತು.

ನಾನು ವಿಡಿಯೋದ ವಿರೋಧಿ ಅಲ್ಲ. ನನಗೆ ಜಿಲ್ಲೆಯ ಹೊರಗಿನಿಂದ ಮೊದಲ ಕರೆ ಬಂದದ್ದೇ ಯಾರೋ ಹಾಕಿದ್ದ ಒಂದು ಚಿಕ್ಕ ತುಣುಕು ನೋಡಿ. ಎರಡು ಮೂರು ನಿಮಿಷ ನೋಡಿದವರು ಉಳಿದದ್ದು ಕೇಳಲಿಕ್ಕೆ ಕರೆಯುತ್ತಾರೆ. ಒಂದು ಗಂಟೆ ನೋಡಿದವರು ಯಾಕೆ ಕರೆಯುತ್ತಾರೆ? ಹಿಂದೆ ಕ್ಯಾಸೆಟ್ ಕಾಲದಲ್ಲಿ ಹಾಸ್ಯನಟ ಧೀರೇಂದ್ರ ಗೋಪಾಲ್ ಅವರ ಧ್ವನಿ ಬಸ್‌ಸ್ಟ್ಯಾಂಡಿನ ಅಂಗಡಿಗಳಲ್ಲಿ ಕೇಳುತ್ತಿತ್ತು. ಕ್ಯಾಸೆಟ್ಟಿಗೆ ಯಾವುದನ್ನು ಕೊಡಬೇಕು, ಯಾವುದನ್ನು ವೇದಿಕೆಗೆ ಇಟ್ಟುಕೊಳ್ಳಬೇಕು ಅಂತ ಕಲಾವಿದರೇ ತೀರ್ಮಾನ ಮಾಡಬಹುದಿತ್ತು. ಈಗ ನಮ್ಮ ಪರವಾಗಿ ಟ್ರೈಪಾಡ್ ತೀರ್ಮಾನ ಮಾಡುತ್ತದೆ.

ಕಾನೂನು ಏನು ಹೇಳುತ್ತದೆ ಅಂತ ಪರಿಚಯದ ವಕೀಲರನ್ನು ಕೇಳಿದೆ. ನಮ್ಮ ಅಂಗಡಿಗೆ ಜೆರಾಕ್ಸಿಗೆ ಬರುವವರು. 1957ರ ಕೃತಿಸ್ವಾಮ್ಯ ಕಾಯ್ದೆಗೆ 1994ರಲ್ಲಿ ತಿದ್ದುಪಡಿಯಾದಾಗ ಪ್ರದರ್ಶನ ಮಾಡುವವರ ಹಕ್ಕು ಅಂತ ಒಂದು ಸೇರಿತಂತೆ. 2012ರಲ್ಲಿ ಅದನ್ನು ಇನ್ನೂ ಗಟ್ಟಿ ಮಾಡಿದರು. ನಮ್ಮ ಪ್ರದರ್ಶನವನ್ನು ಕೇಳದೆ ಚಿತ್ರೀಕರಿಸಿ ಜನರಿಗೆ ಹಂಚುವಂತಿಲ್ಲ. ಈ ಹಕ್ಕು 50 ವರ್ಷ ಇರುತ್ತದೆ. ನನ್ನ ಜೋಕು ಅಷ್ಟು ವರ್ಷ ಬಾಳುವುದಿಲ್ಲ, ಇರಲಿ. ಪ್ರದರ್ಶಕರು ಅಂದರೆ ಯಾರು ಅನ್ನುವುದಕ್ಕೆ ಕಾಯ್ದೆಯಲ್ಲಿ ಒಂದು ಪಟ್ಟಿಯೇ ಇದೆ. ನಟರು, ಗಾಯಕರು, ವಾದ್ಯದವರು, ನೃತ್ಯದವರು, ದೊಂಬರಾಟದವರು, ಜಾದೂಗಾರರು, ಹಾವಾಡಿಗರು. ಹಾವಾಡಿಗರ ಪಕ್ಕದಲ್ಲೇ ಭಾಷಣ ಮಾಡುವವರು. ಸುಮ್ನೆ ಹೇಳುತ್ತಿಲ್ಲ, ಅದೇ ಸಾಲಿನಲ್ಲಿದೆ. ಪಟ್ಟಿ ಬರೆದವರು ಯಾವುದೋ ಸಭಾ ಕಾರ್ಯಕ್ರಮದಲ್ಲಿ ಕೂತು ಅನುಭವ ಪಡೆದವರೇ ಇರಬೇಕು. ಸ್ವಂತಕ್ಕೆ ನೋಡಲು ರೆಕಾರ್ಡ್ ಮಾಡಿಕೊಂಡರೆ ತಪ್ಪಿಲ್ಲ ಅಂತಲೂ ಅದೇ ಕಾಯ್ದೆ ಹೇಳುತ್ತದೆ. ಮನೆಯಲ್ಲಿರುವ ಅಜ್ಜಿಗೆ ತೋರಿಸಲಿಕ್ಕೆ ಫೋನಿನಲ್ಲಿ ತೆಗೆದುಕೊಳ್ಳುವವರ ಮೇಲೆ ನನಗೆ ಪ್ರೀತಿಯೇ ಇದೆ.

ಹಕ್ಕಿದೆ ಅಂತ ಕೋರ್ಟಿಗೆ ಹೋಗುತ್ತೇನಾ? ವಕೀಲರ ಫೀಸು ನನ್ನ ಎರಡು ಜಾತ್ರೆ. ಮಗಳು ಆನ್‌ಲೈನಿನಲ್ಲಿ ದೂರಿನ ಫಾರಂ ತುಂಬಿದಳು. ಆ ವಿಡಿಯೋ ಹೋಯಿತು. ಹತ್ತು ದಿನದಲ್ಲಿ ಬೇರೆ ಚಾನೆಲ್ಲಿನಲ್ಲಿ ಮತ್ತೆ ಬಂತು, ಈ ಸಲ ಕನ್ನಡಿಯ ಹಾಗೆ ಉಲ್ಟಾ ಮಾಡಿ ಹಾಕಿದ್ದರು. ನಕಲು ವಿಡಿಯೋ ಪತ್ತೆ ಹಚ್ಚುವ ಯಂತ್ರಕ್ಕೆ ಸಿಗದಿರಲಿ ಅಂತ ಹಾಗೆ ಮಾಡುತ್ತಾರಂತೆ. ಸೆರಗು ಬಲ ಭುಜದ ಮೇಲೆ. ಹಿಂದೆ ಕಟ್ಟಿದ್ದ ಬ್ಯಾನರಿನ ಕನ್ನಡ ಓದಲು ಬರುವುದಿಲ್ಲ. ಯಾರೋ ಗುಜರಾತಿನ ಸೊಸೆ ಚೆನ್ನಾಗಿ ಕನ್ನಡ ಮಾತಾಡುತ್ತಿದ್ದಾಳೆ ಅನ್ನುವ ಹಾಗಿತ್ತು.

ಕದಿಯುವುದು ನಮ್ಮೊಳಗೂ ಇದೆ, ಅದನ್ನು ಮುಚ್ಚಿಟ್ಟು ಬೇರೆಯವರ ಮೇಲೆ ದೂರು ಹೇಳಬಾರದು. ಹಾಸ್ಯದವರು ಒಬ್ಬರ ಜೋಕು ಒಬ್ಬರು ಎತ್ತುತ್ತಾರೆ. ಹಾಸ್ಯ ಸಾಹಿತಿ ಬೀಚಿಯವರ ಪಾತ್ರವಾದ ತಿಂಮನನ್ನು ತಮ್ಮ ಪಕ್ಕದ ಮನೆಯವನು ಅಂತ ಹೇಳಿ ಚಪ್ಪಾಳೆ ಹೊಡೆಸಿಕೊಂಡವರನ್ನು ಕಂಡಿದ್ದೇನೆ. ಬೀಚಿ ಹುಟ್ಟಿದ್ದು 1913ರಲ್ಲಿ, ನಮಗೆ ಹತ್ತಿರದ ಹರಪನಹಳ್ಳಿಯಲ್ಲಿ. ಆ ಊರು ಬಳ್ಳಾರಿ ಜಿಲ್ಲೆಯಲ್ಲಿತ್ತು, ನಡುವೆ ದಾವಣಗೆರೆಗೆ ಬಂತು, ಮತ್ತೆ ಬಳ್ಳಾರಿಗೆ ಹೋಯಿತು, ಈಗ ವಿಜಯನಗರ. ತಿಂಮನಿಗೆ ಹೇಳಿದ್ದರೆ ಊರು ನಿಂತಲ್ಲೇ ಇದ್ದು ಇಷ್ಟು ಪ್ರಯಾಣ ಮಾಡಿದೆಯಲ್ಲ, ಅದಕ್ಕೂ ಫ್ರೀ ಟಿಕೆಟ್ಟಾ ಅನ್ನುತ್ತಿದ್ದನೋ ಏನೋ. ಬೀಚಿಯವರದ್ದು ಹೇಳುವಾಗ ನಾನು ಅವರ ಹೆಸರು ಹೇಳಿಯೇ ಹೇಳುತ್ತೇನೆ. ಹೆಸರು ಹೇಳಿದರೆ ನಗು ಕಡಿಮೆಯಾಗುವುದಿಲ್ಲ. ಚಾನೆಲ್ಲಿನವರಿಗೂ ಇದನ್ನೇ ಹೇಳಬೇಕೆಂದಿದ್ದೇನೆ.

ನಾನು ಕೇಳುವುದು ದೊಡ್ಡದೇನಲ್ಲ. ಕಮಿಟಿಯವರು ಹಾಸ್ಯ ಶುರುವಾಗುವ ಮೊದಲು ಮೈಕಿನಲ್ಲಿ ಒಂದು ಮಾತು ಹೇಳಲಿ, ಪೂರ್ತಿ ಕಾರ್ಯಕ್ರಮ ಯಾರೂ ನೆಟ್ಟಿಗೆ ಹಾಕಬೇಡಿ ಅಂತ. ನಮ್ಮ ಜನ ಹೇಳಿದರೆ ಕೇಳುತ್ತಾರೆ, ಹೇಳುವವರಿಲ್ಲ ಅಷ್ಟೆ. ಚಾನೆಲ್ಲಿನವರು ಮೂರು ನಿಮಿಷ ಹಾಕಿಕೊಳ್ಳಲಿ. ಯಾವ ಮೂರು ನಿಮಿಷ ಅಂತ ನಮ್ಮನ್ನು ಕೇಳಲಿ, ನಮ್ಮ ಹೆಸರು, ಊರು ಹಾಕಲಿ. ಲೈವ್ ಮಾಡಲೇಬೇಕು ಅಂದರೆ ಕರೆಯುವಾಗಲೇ ಹೇಳಲಿ, ಅದಕ್ಕೆ ಬೇರೆ ರೇಟು ಮಾತಾಡೋಣ. ಇನ್ನು ಸನ್ಮಾನಗಳು ಹಾಸ್ಯ ಮುಗಿದ ಮೇಲೆ ಆಗಲಿ. ಜನ ಸನ್ಮಾನಕ್ಕೂ ಕೂರುತ್ತಾರೋ ಇಲ್ಲವೋ ಅವತ್ತು ಗೊತ್ತಾಗುತ್ತದೆ.

ಪತ್ರ ಬರೆದ ಓದುಗರಿಗೂ ಒಂದು ಮಾತು. ನಿಮ್ಮೂರಿನ ಆ ಕಾರ್ಯಕ್ರಮವೂ ಇಷ್ಟು ಹೊತ್ತಿಗೆ ಯೂಟ್ಯೂಬಿನಲ್ಲಿ ಪೂರ್ತಿ ಬಂದಿರುತ್ತದೆ, ಹುಡುಕಿ ನೋಡಿ. ಬಂದಿದ್ದರೆ ಮುಂದಿನ ವಾರ ಪಕ್ಕದ ಊರಿನಿಂದ ಇಂಥದ್ದೇ ಇನ್ನೊಂದು ಪತ್ರ ಈ ಪತ್ರಿಕೆಗೆ ಬರುವುದು ಗ್ಯಾರಂಟಿ.

ಮೇಲೆ ಹೇಳಿದ್ದನ್ನೆಲ್ಲ ಒಂದು ಪುಟದಲ್ಲಿ ಟೈಪ್ ಮಾಡಿಸಿದ್ದೇನೆ. ಈ ಗಣಪತಿ ಹಬ್ಬದಿಂದ ಅಡ್ವಾನ್ಸ್ ತಗೊಳ್ಳುವಾಗಲೇ ಕಮಿಟಿಯವರಿಗೆ ಕೊಟ್ಟು ಸಹಿ ಹಾಕಿಸಿಕೊಳ್ಳುತ್ತಿದ್ದೇನೆ. ಕೆಲವರು ಓದದೇ ಸಹಿ ಹಾಕಿದರು. ಒಂದು ಕಡೆ ಅಧ್ಯಕ್ಷರನ್ನು ಕೇಳಿ ಹೇಳುತ್ತೇವೆ ಅಂದವರು ಇನ್ನೂ ಕೇಳುತ್ತಿದ್ದಾರೆ. ಇನ್ನೊಬ್ಬ ಸಂಘಟಕರು ಅದರ ಫೋಟೋ ತೆಗೆದು ತಮ್ಮ ತಾಲ್ಲೂಕಿನ ಎಲ್ಲ ಕಮಿಟಿಗಳ ವಾಟ್ಸಾಪ್ ಗ್ರೂಪಿಗೆ ನನ್ನನ್ನು ಕೇಳದೇ ಹಾಕಿಬಿಟ್ಟರಂತೆ. ಅದೊಂದನ್ನು ಎಷ್ಟು ಬೇಕಾದರೂ ಹಂಚಲಿ.

ಇಂತಿ,
ಒಬ್ಬ ಹಾಸ್ಯ ಭಾಷಣಕಾರ್ತಿ
ದಾವಣಗೆರೆ